ಅಮ್ಮನ ಅರವತ್ತು, ವೇಲ್ಸ್ ಕಡಲು, ಎರಡು ರಾತ್ರಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರವಾಸ

ಬ್ರಿಟನ್ನಿನಲ್ಲಿರುವ ಮಕ್ಕಳ ಮನೆಗೆ ಹೊರಟವರ ಪತ್ರಗಳೇ ಈ ಸಲ ಜಾಸ್ತಿ. ಅದರಲ್ಲೂ ಮನೆಯವರ ಹುಟ್ಟುಹಬ್ಬಕ್ಕೆ ಅಂತ ವೇಲ್ಸ್ ಕಡಲ ತೀರಕ್ಕೆ ಎರಡು ದಿನ ಹೋಗಿಬರುವ ಬಗ್ಗೆ ಬೆಂಗಳೂರಿನ ಹಲವರು ಕೇಳಿದ್ದಾರೆ. ಹಾಗಾಗಿ ಇಡೀ ಪುಟ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ತಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. 2026ರ ಆಗಸ್ಟ್‌ನಲ್ಲಿ ಅಮ್ಮನಿಗೆ ಅರವತ್ತು ತುಂಬುತ್ತದೆ. ಅಪ್ಪ, ಅಮ್ಮ, ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು ಎಲ್ಲರೂ ಹೊರಟಿದ್ದೇವೆ. ವೇಲ್ಸ್‌ನ ಸಮುದ್ರ ತೀರದಲ್ಲಿ ಎರಡು ರಾತ್ರಿ ಇದ್ದು ಅಲ್ಲೇ ಹುಟ್ಟುಹಬ್ಬ ಮಾಡೋಣ ಅನ್ನುತ್ತಾನೆ ತಮ್ಮ. ನಮ್ಮ ಯಜಮಾನರು ಆಗಲೇ ಐದು ಊರಿನ ಪಟ್ಟಿ ಮಾಡಿಟ್ಟಿದ್ದಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. "ಸಮುದ್ರ ನೋಡೋಕೆ ಅಲ್ಲೀತನಕ ಯಾಕೆ, ಮಲ್ಪೆ ಇಲ್ವಾ" ಅಂತ ಬೇರೆ ಕೇಳುತ್ತಾರೆ. ಯಾವ ಊರು ಒಳ್ಳೆಯದು?
(ಓದುಗರು, ಜಯನಗರ)

ಉತ್ತರ: ಆ ಐದರಲ್ಲಿ ನಾಲ್ಕನ್ನು ಮೊದಲು ಹೊಡೆದುಹಾಕಿ. ನಿಮ್ಮ ಯಜಮಾನರಿಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ಎರಡು ರಾತ್ರಿ ಅಂದರೆ ಕೈಗೆ ಸಿಗುವುದು ಒಂದು ಪೂರ್ತಿ ದಿನ, ಆಚೆ ಈಚೆ ಎರಡು ಅರ್ಧ ದಿನ. ಮ್ಯಾಪಿನಲ್ಲಿ ವೇಲ್ಸ್ ಚಿಕ್ಕದಾಗಿ ಕಾಣುತ್ತದೆ. ಆದರೆ ಅದರ ಕಡಲಂಚು ಒಳಗೆ ಹೊರಗೆ ಸುತ್ತಿಕೊಂಡೇ ಸಾಗುತ್ತದೆ. ಆ ಅಂಚನ್ನು ಹಿಡಿದು 2012ರಲ್ಲಿ ತೆರೆದ ಕಾಲ್ದಾರಿಯೇ 1,400 ಕಿಲೋಮೀಟರ್ ಇದೆ. ಕಾರವಾರದಿಂದ ಮಂಗಳೂರಿನ ತನಕ ನಮ್ಮ ಇಡೀ ಕರಾವಳಿ ಸುಮಾರು 300. ಅಲ್ಲಿ ಐದು ಊರು ನೋಡಿಬಿಡ್ತೀವಿ ಅಂತ ಹೊರಟರೆ ಅಮ್ಮನ ಅರವತ್ತು ಕಾರಿನ ಹಿಂದಿನ ಸೀಟಿನಲ್ಲೇ ಕಳೆದುಹೋಗುತ್ತದೆ.

ನಿಮ್ಮ ಮನೆಯವರಿಗೆ ನನ್ನ ಆಯ್ಕೆ ಲ್ಯಾಂಡಿಡ್ನೋ. (ಮ್ಯಾಪಿನಲ್ಲಿ ಹುಡುಕುವಾಗ ಎರಡು ‘ಎಲ್’ ಅಕ್ಷರದಿಂದ ಶುರುವಾಗುತ್ತದೆ, ನೆನಪಿರಲಿ.) ಉತ್ತರ ವೇಲ್ಸ್‌ನಲ್ಲಿದೆ, ಬರ್ಮಿಂಗ್‌ಹ್ಯಾಮ್‌ನಿಂದ ಕಾರಿನಲ್ಲಿ ಎರಡೂವರೆ ಗಂಟೆ, ರಜೆಯ ಟ್ರಾಫಿಕ್ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಮುಖ್ಯ ಕಾರಣ ಅಮ್ಮನ ಮಂಡಿ. ಕಡಲಿನುದ್ದಕ್ಕೂ ಅಗಲವಾದ, ಸಪಾಟಾದ ನಡೆದಾಡುವ ದಾರಿ ಇದೆ, ಒಂದು ಗುಡ್ಡದಿಂದ ಇನ್ನೊಂದು ಗುಡ್ಡದವರೆಗೆ ಬಿಲ್ಲಿನ ಹಾಗೆ ಬಾಗಿಕೊಂಡು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ವಿಕ್ಟೋರಿಯಾ ರಾಣಿಯ ಕಾಲದ ಹೋಟೆಲುಗಳ ಸಾಲು. ಹೋಟೆಲಿನಿಂದ ಹೊರಗೆ ಬಂದು ರಸ್ತೆ ದಾಟಿದರೆ ಸಮುದ್ರ. ಅಮ್ಮನಿಗೆ ಸುಸ್ತಾದರೆ ರೂಮಿಗೆ ಹೋಗಿ ಒಂದು ಗಂಟೆ ಮಲಗಿ ಮತ್ತೆ ಬರಬಹುದು, ಯಾರ ಕಾರ್ಯಕ್ರಮವೂ ಕೆಡುವುದಿಲ್ಲ. ಒಂದು ಎಚ್ಚರಿಕೆ: ಇವು ಹಳೇ ಕಟ್ಟಡಗಳು, ಎಲ್ಲದರಲ್ಲೂ ಲಿಫ್ಟ್ ಇರುವುದಿಲ್ಲ. ಬುಕ್ ಮಾಡುವಾಗ ಫೋನ್ ಮಾಡಿ ಲಿಫ್ಟ್ ಇದೆಯಾ, ಬಾಗಿಲ ಮುಂದೆ ಎಷ್ಟು ಮೆಟ್ಟಿಲು ಅಂತ ತಮ್ಮನ ಕೈಲಿ ಕೇಳಿಸಿ.

ನೋಡುವುದಕ್ಕೆ ಏನಿದೆ ಅಂದರೆ, 1877ರಲ್ಲಿ ತೆರೆದ ಪಿಯರ್ ಇದೆ. ಸಮುದ್ರದೊಳಕ್ಕೆ 700 ಮೀಟರ್ ಚಾಚಿರುವ ಕಟ್ಟೆ, ವೇಲ್ಸ್‌ನಲ್ಲೇ ಅತಿ ಉದ್ದದ್ದು. ಕಬ್ಬಿಣದ ಕಂಬ, ಮೇಲೆ ಮರದ ಹಲಗೆ. ಹಲಗೆಗಳ ಸಂದಿಯಲ್ಲಿ ಕೆಳಗೆ ನೀರು ಓಡುವುದು ಕಾಣುತ್ತದೆ, ಮಕ್ಕಳು ಅಲ್ಲೇ ಬಗ್ಗಿ ನಿಂತುಬಿಡುತ್ತಾರೆ. ಇಂಥ ಊರುಗಳಲ್ಲಿ ಎಲ್ಲ ಕಡೆ ಇರುವ 2 ಪೆನ್ಸ್ ನಾಣ್ಯದ ಯಂತ್ರವನ್ನು ನಿಮ್ಮ ಮಗಳಿಗೆ ತೋರಿಸಲೇಬೇಕು. ಗಾಜಿನ ಪೆಟ್ಟಿಗೆಯೊಳಗೆ ತಾಮ್ರದ ಬಣ್ಣದ ನಾಣ್ಯಗಳ ರಾಶಿ, ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ ಅಂಚಿನಲ್ಲಿ ನಿಂತಿರುತ್ತದೆ. ಮೇಲಿನ ಸೀಳಿನಲ್ಲಿ ನಾವೊಂದು ನಾಣ್ಯ ಹಾಕಬೇಕು. ಹಿಂದೆ ಮುಂದೆ ಓಡಾಡುವ ತಟ್ಟೆ ಅದನ್ನು ರಾಶಿಗೆ ತಳ್ಳುತ್ತದೆ, ಉದುರಿದಷ್ಟು ನಮ್ಮದು. ಒಂದು ಪೌಂಡ್ ಚಿಲ್ಲರೆಗೆ ಐವತ್ತು ನಾಣ್ಯ ಬರುತ್ತದೆ, ಅಜ್ಜಿ ಮೊಮ್ಮಗಳು ಸೇರಿ ಅರ್ಧ ಗಂಟೆ ಆಡಬಹುದು.

ಊರಿನ ಒಂದು ತುದಿಯಲ್ಲಿ ಗ್ರೇಟ್ ಓರ್ಮ್ ಅನ್ನುವ 207 ಮೀಟರ್ ಎತ್ತರದ ಸುಣ್ಣಕಲ್ಲಿನ ಗುಡ್ಡ. ಅಮ್ಮ ಹತ್ತಬೇಕಿಲ್ಲ. 1902ರಿಂದ ಓಡುತ್ತಿರುವ ಟ್ರಾಮ್ ಇದೆ, ಹಗ್ಗ ಎಳೆಯುವ ಟ್ರಾಮ್ ಅದು. ರಸ್ತೆಯ ಮಧ್ಯದ ಸೀಳಿನೊಳಗೆ ಉಕ್ಕಿನ ಹಗ್ಗ ಹಾದುಹೋಗುತ್ತದೆ. ಮನೆಗಳ ಬಾಗಿಲ ಮುಂದೆಯೇ, ಕಡಿದಾದ ಓಣಿಯಲ್ಲಿ ನಿಧಾನಕ್ಕೆ ಮೇಲೇರುತ್ತದೆ. ಅರ್ಧ ದಾರಿಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಬೋಗಿಯ ಮೆಟ್ಟಿಲು ಸ್ವಲ್ಪ ಎತ್ತರ, ಅಮ್ಮನ ಕೈ ಹಿಡಿದುಕೊಳ್ಳಿ. ಮೇಲೆ ಉದ್ದ ಕೂದಲಿನ ಕಾಶ್ಮೀರಿ ಆಡುಗಳು ಮೇಯುತ್ತಿರುತ್ತವೆ. ವಿಕ್ಟೋರಿಯಾ ರಾಣಿಯ ಹಿಂಡಿನಿಂದ ಬಂದ ಸಂತತಿ ಅನ್ನುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಜನ ಮನೆಯೊಳಗೆ ಕೂತಾಗ ಬೀದಿಗಿಳಿದು ಮನೆಗಳ ಮುಂದಿನ ಗಿಡ ಮೇಯ್ದವು ಇವೇ, ನಿಮ್ಮ ಫೋನಿಗೂ ಆಗ ಆ ವಿಡಿಯೋ ಬಂದಿರಬಹುದು. ಅದೇ ಗುಡ್ಡದಲ್ಲಿ ನಾಲ್ಕು ಸಾವಿರ ವರ್ಷದಷ್ಟು ಹಳೆಯ ತಾಮ್ರದ ಗಣಿಯೂ ಇದೆ. ಒಳಗೆ ಇಕ್ಕಟ್ಟು, ಮೆಟ್ಟಿಲು. ನಿಮ್ಮ ಯಜಮಾನರು ಮಗಳನ್ನು ಕರೆದುಕೊಂಡು ಹೋಗಿಬರಲಿ, ಅಮ್ಮ ಅಪ್ಪ ಮೇಲೆ ಚಹಾ ಕುಡಿಯಲಿ.

ಇನ್ನೊಂದು ಊರು ಬೇಕೇ ಬೇಕು ಅಂದರೆ ವಾಪಸ್ ಹೊರಡುವ ದಿನ ಕಾನ್ವಿಯಲ್ಲಿ ಎರಡು ಗಂಟೆ ಇಳಿಯಿರಿ. ಕಾರಿನಲ್ಲಿ ಕಾಲು ಗಂಟೆಯೂ ಆಗದು. ಮೊದಲನೇ ಎಡ್ವರ್ಡ್ ರಾಜ 1283ರಲ್ಲಿ ಕಟ್ಟಿಸಲು ಶುರುಮಾಡಿದ ಕೋಟೆ ಅಲ್ಲಿದೆ. ವೇಲ್ಸನ್ನು ಗೆದ್ದು ಅದುಮಿಡಲು ಇಂಗ್ಲೆಂಡಿನ ರಾಜ ಕಟ್ಟಿಸಿದ್ದು ಅದು, ಈಗ ಯುನೆಸ್ಕೋ ಪಟ್ಟಿಯಲ್ಲಿದೆ. ಕೋಟೆ ಹತ್ತುವುದು ಅಮ್ಮನಿಗೆ ಬೇಡ. ಕೆಳಗೆ ದೋಣಿಕಟ್ಟೆಯಲ್ಲಿ ಕೂತರೆ ಮಕ್ಕಳು ದಾರ ಇಳಿಬಿಟ್ಟು ಏಡಿ ಹಿಡಿದು, ಬಕೆಟ್ಟಿನಲ್ಲಿ ಹಾಕಿಕೊಂಡು, ನೋಡಿ ಮತ್ತೆ ನೀರಿಗೆ ಬಿಡುವುದನ್ನು ನೋಡುತ್ತಾ ಹೊತ್ತು ಹೋಗುತ್ತದೆ. ಬ್ರಿಟನ್ನಿನಲ್ಲೇ ಅತಿ ಚಿಕ್ಕ ಮನೆ ಅನ್ನುವ ಕೆಂಪು ಬಣ್ಣದ ಪುಟ್ಟ ಮನೆಯೂ ಅದೇ ಕಟ್ಟೆಯಲ್ಲಿದೆ.

ಮಲ್ಪೆಯ ಮಾತಿಗೆ ಬಂದರೆ, ಅಮ್ಮ ಕೇಳಿದ್ದು ಸರಿಯಾಗೇ ಇದೆ. ಈಜಾಡಿ, ಬೆಚ್ಚಗಿನ ಅಲೆಯಲ್ಲಿ ಕಾಲಾಡಿಸಿ ಬರುವುದಕ್ಕಾದರೆ ಮಲ್ಪೆಯೇ ಮೇಲು. ವೇಲ್ಸ್ ಕಡಲಿಗೆ ಜನ ಹೋಗುವುದು ಗಾಳಿಗೆ, ನಡಿಗೆಗೆ, ಸುಮ್ನೆ ಕೂರುವುದಕ್ಕೆ. ಆಗಸ್ಟ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹತ್ತಿರ. ಏಳೂವರೆಗೆ ಊಟ ಮುಗಿಸಿ, ಸ್ವೆಟರ್ ಹಾಕಿಕೊಂಡು, ಇಡೀ ಮನೆಮಂದಿ ಬೆಂಚಿನಲ್ಲಿ ಕೂತು ಮಾತಾಡಲು ಅಷ್ಟು ಉದ್ದದ ಸಂಜೆ ನಮಗೆ ಇಲ್ಲಿ ಸಿಗುವುದಿಲ್ಲ. ಇದನ್ನು ಅಮ್ಮನಿಗೆ ಹೇಳಿ. ಆಮೇಲೆ ಅವರೇ ತೀರ್ಮಾನಿಸಲಿ, ಹುಟ್ಟುಹಬ್ಬ ಅವರದ್ದು ಅಲ್ವಾ.

ಪ್ರಶ್ನೆ: ಮಗಳು ಕಾರ್ಡಿಫ್‌ನಲ್ಲಿ ಓದುತ್ತಿದ್ದಾಳೆ. ಮೊಮ್ಮಗನ ಐದನೇ ಹುಟ್ಟುಹಬ್ಬಕ್ಕೆ ಎಲ್ಲರೂ ಟೆನ್ಬಿಗೆ ಹೋಗುತ್ತಿದ್ದೇವೆ. ಸಮುದ್ರಕ್ಕೆ ಇಳಿಯಬಹುದಾ? ನೀರು ತುಂಬಾ ತಣ್ಣಗಂತೆ, ಹೌದಾ?
(ಓದುಗರು, ಬಸವನಗುಡಿ)

ಉತ್ತರ: ಟೆನ್ಬಿ ತುಂಬಾ ಚಂದದ ಊರು. ಹಳೇ ಕೋಟೆಗೋಡೆಯೊಳಗೆ ಇಕ್ಕಟ್ಟಾದ ಬೀದಿಗಳು, ಬಂದರಿನ ಮೇಲೆ ಬಣ್ಣಬಣ್ಣದ ಮನೆಗಳು, ಸುತ್ತ ಮರಳಿನ ದಂಡೆ. ಗಣಿತದಲ್ಲಿ ನಾವು ಹಾಕುವ ಸಮ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚಿಗೆ ತಂದ ರಾಬರ್ಟ್ ರೆಕಾರ್ಡ್ ಹುಟ್ಟಿದ್ದು ಇಲ್ಲೇ.

ನೀರು ತಣ್ಣಗೆ ನಿಜ. ಆಗಸ್ಟ್‌ನಲ್ಲೂ 16, 17 ಡಿಗ್ರಿ ಅಷ್ಟೇ. ನಮ್ಮ ಕರಾವಳಿಯ ನೀರು ಹೆಚ್ಚುಕಡಿಮೆ 28 ಇರುತ್ತದೆ. ಒಮ್ಮೆಲೇ ಮುಳುಗಿದರೆ ಉಸಿರು ಕಟ್ಟಿದ ಹಾಗಾಗುತ್ತದೆ, ದೊಡ್ಡವರಿಗೂ. ಮಗುವಿಗೆ ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿ ಉಡುಪು) ಹಾಕಿಸಿ, ಕಡಲೂರಿನ ಅಂಗಡಿಗಳಲ್ಲೇ ಸಿಗುತ್ತದೆ. ಕೆಂಪು ಹಳದಿ ಬಾವುಟ ನೆಟ್ಟಿರುವ ಕಡೆ, ಆ ಎರಡು ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಜೀವರಕ್ಷಕರು ಕಣ್ಣಿಟ್ಟಿರುವುದು ಅಷ್ಟು ಜಾಗದ ಮೇಲೆ.

ನೀರಿನ ತಂಪಿಗಿಂತ ಜಾಸ್ತಿ ಗಮನ ಕೊಡಬೇಕಾದ್ದು ಉಬ್ಬರ ಇಳಿತಕ್ಕೆ. ಇದು ನಮ್ಮವರಿಗೆ ಅಂದಾಜೇ ಇರುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಂಗಳೂರು, ಮಲ್ಪೆ ಕಡೆ ಸಮುದ್ರ ಏರಿ ಇಳಿಯುವುದು ಒಂದೂವರೆ ಮೀಟರ್ ಆಸುಪಾಸು. ಟೆನ್ಬಿಯಲ್ಲಿ ದೊಡ್ಡ ಉಬ್ಬರದ ದಿನ ಏಳು ಮೀಟರ್ ದಾಟುತ್ತದೆ. ಇನ್ನೂ ಪೂರ್ವಕ್ಕೆ, ಕಾರ್ಡಿಫ್ ಆಚೆ ಸೆವೆರ್ನ್ ನದಿಯ ಬಾಯಿಯಲ್ಲಿ 14 ಮೀಟರ್ ಹತ್ತಿರ, ಪ್ರಪಂಚದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅಲ್ಲಿಯ ಸಮುದ್ರ ಪಶ್ಚಿಮದಲ್ಲಿ ಅಗಲವಾಗಿದ್ದು ಪೂರ್ವಕ್ಕೆ ಬರಬರುತ್ತಾ ಕಿರಿದಾಗುತ್ತದೆ, ಆಳವೂ ಕಡಿಮೆಯಾಗುತ್ತದೆ. ಒಳನುಗ್ಗಿದ ನೀರಿಗೆ ಜಾಗ ಸಾಲದೆ ಮೇಲಕ್ಕೇರುತ್ತದೆ.

ಇದರ ಪರಿಣಾಮ ಕಣ್ಣಾರೆ ಕಾಣುತ್ತದೆ. ಬೆಳಿಗ್ಗೆ ಬಂದರಿನಲ್ಲಿ ತೇಲುತ್ತಿದ್ದ ದೋಣಿಗಳು ಮಧ್ಯಾಹ್ನ ನೋಡಿದರೆ ಒದ್ದೆ ಮರಳಿನ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಮಲಗಿರುತ್ತವೆ, ಕಟ್ಟಿದ ಹಗ್ಗ ಸಡಿಲವಾಗಿ ನೆಲದಲ್ಲಿ ಬಿದ್ದಿರುತ್ತದೆ, ಮಕ್ಕಳು ಆ ದೋಣಿಗಳ ನಡುವೆ ಓಡಾಡುತ್ತಿರುತ್ತಾರೆ. ದಂಡೆಯ ಮುಂದಿನ ಸೇಂಟ್ ಕ್ಯಾಥರೀನ್ ದ್ವೀಪಕ್ಕೆ ಆಗ ನಡೆದೇ ಹೋಗಬಹುದು. ಕೆಲವೇ ಗಂಟೆಯಲ್ಲಿ ನೀರು ತಿರುಗಿ ಬಂದು ದಾರಿ ಮುಚ್ಚುತ್ತದೆ. ಕಡಲು ಇಳಿದಾಗ ಬಂಡೆ ತಿರುಗಿ ಆಚೆ ಕೊಲ್ಲಿಗೆ ಹೋದವರು ಸಿಕ್ಕಿಹಾಕಿಕೊಳ್ಳುವುದು ಹೀಗೇ. ಹಾಗೇನಾದರೂ ಆದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ.

ಹಿಂದಿನ ರಾತ್ರಿಯೇ ಉಬ್ಬರದ ಸಮಯಪಟ್ಟಿ ನೋಡಿ ಮರುದಿನದ ಓಡಾಟ ಗೊತ್ತುಮಾಡಿಕೊಳ್ಳಿ. ಏರಲು ಆರು ಗಂಟೆ, ಇಳಿಯಲು ಆರು ಗಂಟೆ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿಮ್ಮ ಮನೆಯ ಪಂಚಾಂಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಅತಿ ದೊಡ್ಡ ಉಬ್ಬರ. ಆ ದಿನಗಳಲ್ಲಿ ಟೆನ್ಬಿಯ ಕಡಲು ಪೂರ್ತಿ ಇಳಿಯುವುದು ನಡುಮಧ್ಯಾಹ್ನದ ಹೊತ್ತಿಗೆ. ಐದು ವರ್ಷದ ಹುಡುಗನಿಗೆ ಗುದ್ದಲಿ ಬಕೆಟ್ ಹಿಡಿದು ಆಡಲು ಅಷ್ಟು ದೊಡ್ಡ ಮರಳಿನ ಬಯಲು ಸಿಕ್ಕರೆ ಹುಟ್ಟುಹಬ್ಬಕ್ಕೆ ಇನ್ನೇನು ಬೇಕು.

ಕಾರ್ಡಿಫ್‌ನಿಂದ ಅಷ್ಟು ದೂರ ಬೇಡ ಅನ್ನಿಸಿದರೆ ಬ್ಯಾರಿ ಐಲ್ಯಾಂಡ್ ಇದೆ, ರೈಲಿನಲ್ಲಿ ಅರ್ಧ ಗಂಟೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿ ಊಟಕ್ಕೆ ಏನು ಮಾಡುವುದು, ಕೇಕ್ ಎಲ್ಲಿಂದ ತರುವುದು?
(ಓದುಗರು, ರಾಜಾಜಿನಗರ)

ಉತ್ತರ: ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಇಲ್ಲಿಯ ಹಸಿರು ಚುಕ್ಕೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅಲ್ಲಿ ವೆಜಿಟೇರಿಯನ್ ಅಂತ ಬರೆದಿದ್ದರೆ ಮೊಟ್ಟೆ ಇರಬಹುದು. ವೀಗನ್ ಅಂತ ಬರೆದದ್ದನ್ನು ತೆಗೆದುಕೊಳ್ಳಿ, ಅದರಲ್ಲಿ ಮೊಟ್ಟೆ ಹಾಕುವುದಿಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ವೀಗನ್ ಹುಟ್ಟುಹಬ್ಬದ ಕೇಕ್ ಸಿಗುತ್ತದೆ. ಕಡಲೂರಿನ ಚಿಕ್ಕ ಅಂಗಡಿಯಲ್ಲಿ ಸಿಗುತ್ತದೆಂದು ನಂಬಿ ಕೂರಬೇಡಿ, ಹೊರಡುವಾಗಲೇ ಕೊಂಡುಕೊಂಡು ಹೋಗಿ. ಪ್ಯಾಕೆಟ್ ತಿಂಡಿಯಾದರೆ ಹಿಂದೆ ಓದಿ. ಮೊಟ್ಟೆ, ಹಾಲು ಸೇರಿ 14 ಅಲರ್ಜಿ ಪದಾರ್ಥಗಳನ್ನು ಎದ್ದು ಕಾಣುವ ಹಾಗೆ ಅಚ್ಚು ಹಾಕಬೇಕೆಂಬುದು ಅಲ್ಲಿಯ ಕಾನೂನು.

ವೆಲ್ಷ್ ಕೇಕ್ ಅಂತ ಒಂದಿದೆ, ಕಾವಲಿಯ ಮೇಲೆ ಬೇಯಿಸುವ ದಪ್ಪ ಬಿಸ್ಕತ್ತಿನಂಥ ತಿಂಡಿ, ಒಳಗೆ ಒಣದ್ರಾಕ್ಷಿ, ಮೇಲೆ ಸಕ್ಕರೆ ಪುಡಿ. ಘಮ ಮೂಗಿಗೆ ಬಡಿದರೆ ಆಸೆಯಾಗುತ್ತದೆ, ಆದರೆ ಮಾಮೂಲಿ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ಕೆಲವರು ಹಂದಿ ಕೊಬ್ಬೂ ಬಳಸುತ್ತಾರೆ. ಕೇಳದೆ ತಿನ್ನಬೇಡಿ. ಚಿಪ್ಸ್ ಕೂಡ ಅಷ್ಟೇ. ಮೀನು ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿಯುವ ಅಂಗಡಿಗಳಿವೆ, ಗೋವಿನ ಕೊಬ್ಬಿನಲ್ಲಿ ಕರಿಯುವವೂ ಇವೆ. ಯಾವ ಎಣ್ಣೆ, ಬೇರೆ ಬಾಣಲೆ ಇದೆಯಾ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಡುಗೆಮನೆ ಇರುವ ಬಾಡಿಗೆ ಮನೆ ಸಿಕ್ಕರೆ ನಿಮಗೆ ಅದೇ ಅನುಕೂಲ. ಆಗಸ್ಟ್‌ನಲ್ಲಿ ಇಂಥ ಮನೆಗಳನ್ನು ಬಹಳ ಜನ ವಾರದ ಲೆಕ್ಕದಲ್ಲೇ ಕೊಡುತ್ತಾರೆ, ಎರಡು ರಾತ್ರಿಗೆ ಬೇಕಾದರೆ ಬೇಗ ಹುಡುಕಬೇಕು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಇಲ್ಲಿಂದ ಒಯ್ಯಿರಿ. ತುಪ್ಪ, ಪನೀರ್, ಹಾಲಿನ ಪೇಡ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಮತ್ತೆ ಕೇಕನ್ನು ರೂಮಿನೊಳಗೇ ಕತ್ತರಿಸಿ. ಬೀಚಿನ ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ, ಅಲ್ಲಿಯ ಕಡಲಕಾಗೆಗಳು ಕೈಯಲ್ಲಿರುವುದನ್ನೇ ಕಿತ್ತುಕೊಂಡು ಹೋಗುವಷ್ಟು ಧೈರ್ಯದವು.

ಪ್ರಶ್ನೆ: ವೇಲ್ಸ್‌ಗೆ ಬೇರೆ ವೀಸಾ ಬೇಕಾ? ಬೆಂಗಳೂರಿನ ಲೈಸೆನ್ಸ್ ಇಟ್ಟುಕೊಂಡು ಕಾರು ಓಡಿಸಬಹುದಾ?
(ಓದುಗರು, ವಿಜಯನಗರ)

ಉತ್ತರ: ಬೇರೆ ವೀಸಾ ಬೇಡ. ಬ್ರಿಟನ್ನಿನ ವಿಸಿಟರ್ ವೀಸಾ ಒಂದೇ ಸಾಕು, ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾ ನಡೆಯುವುದಿಲ್ಲ. ಹೊರಡುವ ದಿನಕ್ಕೆ ಮೂರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ರಶ್ ಇರುತ್ತದೆ, ಕೊನೇ ಗಳಿಗೆಗೆ ಬಿಡಬೇಡಿ.

ನಮ್ಮ ಲೈಸೆನ್ಸ್‌ನಲ್ಲಿ 12 ತಿಂಗಳ ತನಕ ಓಡಿಸಬಹುದು, ನಮ್ಮ ಹಾಗೆ ಎಡಗಡೆಯೇ. ಬೋರ್ಡುಗಳಲ್ಲಿ ಮೈಲಿ ಲೆಕ್ಕ. 2023ರ ಸೆಪ್ಟೆಂಬರ್‌ನಿಂದ ವೇಲ್ಸ್‌ನ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ವೇಗದ ಮಿತಿ 20 ಮೈಲಿ, ಅಂದರೆ ಗಂಟೆಗೆ 32 ಕಿಲೋಮೀಟರ್. ಕ್ಯಾಮೆರಾ ಇದೆ, ದಂಡ ಬೀಳುತ್ತದೆ. 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ ಆಗುವ ತನಕ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ.

ಆದರೆ ರೈಲನ್ನು ಒಮ್ಮೆ ಯೋಚಿಸಿ. ಚೆಸ್ಟರ್ ದಾಟಿ ಲ್ಯಾಂಡಿಡ್ನೋ ಕಡೆ ಹೋಗುವಾಗ ಹಳಿ ಬಹುದೂರ ಕಡಲ ಪಕ್ಕದಲ್ಲೇ ಓಡುತ್ತದೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಸಿಗುತ್ತದೆ, ನಮ್ಮ ಪಾಸ್‌ಪೋರ್ಟ್ ತೋರಿಸಿದರೂ ಆಗುತ್ತದೆ. ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ.

ಪ್ರಶ್ನೆ: ಅಪ್ಪಾಜಿಯ ಷಷ್ಟ್ಯಬ್ದಿಯೂ ಇದೇ ಆಗಸ್ಟ್‌ನಲ್ಲಿ. ನಾವೆಲ್ಲ ಆಗ ವೇಲ್ಸ್‌ನಲ್ಲಿರುತ್ತೇವೆ. ತಿಥಿ ಪ್ರಕಾರ ಮಾಡಬೇಕಾ, ತಾರೀಖಿನ ಪ್ರಕಾರವಾ? ಹತ್ತಿರ ದೇವಸ್ಥಾನ ಇದೆಯಾ?
(ಓದುಗರು, ಯಲಹಂಕ)

ಉತ್ತರ: 1966ರ ಯುಗಾದಿಯ ನಂತರ ಹುಟ್ಟಿದವರಿಗೆ ಪರಾಭವ ಸಂವತ್ಸರ, ಅರವತ್ತು ವರ್ಷ ಸುತ್ತಿ ಈಗ ಮತ್ತೆ ಪರಾಭವವೇ ಬಂದಿದೆ. ಹೋಮ, ಶಾಂತಿ ಮಾಡಿಸುವುದಿದ್ದರೆ ನಿಮ್ಮ ಪುರೋಹಿತರು ಹೇಳಿದ ದಿನ ಬೆಂಗಳೂರಿನಲ್ಲೇ, ನೆಂಟರಿಷ್ಟರ ನಡುವೆ ಮಾಡಿಸಿ. ಪ್ರವಾಸವನ್ನು ತಾರೀಖಿಗೆ ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನಕ್ಕೆ ಕಟ್ಟಲು ಹೋದರೆ ಒಂದು ತೊಡಕಿದೆ. ಆಗಸ್ಟ್ ನಡುವೆ ಅಲ್ಲಿ ಸೂರ್ಯ ಹುಟ್ಟುವಾಗ ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆ ಆಗಿರುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿ ಲೆಕ್ಕ ಹಿಡಿದರೆ ನಮ್ಮ ಕ್ಯಾಲೆಂಡರಿನ ತಿಥಿ ಅಲ್ಲಿ ಕೆಲವೊಮ್ಮೆ ಬದಲಾಗಿಬಿಡುತ್ತದೆ.

ದೇವಸ್ಥಾನ ಇದೆ. ನೀವು ಟೆನ್ಬಿ ಕಡೆ ಹೋಗುವುದಾದರೆ ಕಾರ್ಮಾರ್ಥನ್ ಹತ್ತಿರದ ಹಳ್ಳಿಗಾಡಿನಲ್ಲಿ ಸ್ಕಂದ ವೇಲ್ ಅನ್ನುವ ಆಶ್ರಮವಿದೆ. ಟೆನ್ಬಿಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಸುಬ್ರಹ್ಮಣ್ಯ, ಶಕ್ತಿ, ರಂಗನಾಥ ಮೂರೂ ಗುಡಿಗಳು ಅಲ್ಲೇ. ಪೂಜೆಯ ಸಮಯ ಮೊದಲೇ ವಿಚಾರಿಸಿ. ಬರ್ಮಿಂಗ್‌ಹ್ಯಾಮ್ ಮೇಲೆ ಹೋಗುವವರಿಗೆ ಟಿವಿಡೇಲ್‌ನ ಬಾಲಾಜಿ ದೇವಸ್ಥಾನ ಸಿಗುತ್ತದೆ.

ದಿನ ಗೊತ್ತುಮಾಡುವ ಮುಂಚೆ ಇನ್ನೊಂದು ವಿಷಯ. 2026ರ ಆಗಸ್ಟ್ 12, ಬುಧವಾರ, ಭೀಮನ ಅಮಾವಾಸ್ಯೆ. ಅವತ್ತೇ ಸೂರ್ಯಗ್ರಹಣ. ಭಾರತದಲ್ಲಿ ಕಾಣುವುದಿಲ್ಲ. ಐಸ್‌ಲ್ಯಾಂಡ್, ಸ್ಪೇನ್‌ನಲ್ಲಿ ಪೂರ್ಣ. ವೇಲ್ಸ್‌ನಲ್ಲಿ ಸಂಜೆ ಆರೂಕಾಲರಿಂದ ಎಂಟರ ತನಕ, ಏಳೂಕಾಲರ ಸುಮಾರಿಗೆ ಸೂರ್ಯನ ನೂರಕ್ಕೆ 90 ಭಾಗಕ್ಕಿಂತ ಹೆಚ್ಚು ಮುಚ್ಚಿರುತ್ತದೆ. ನಿಮ್ಮ ಮನೆಯಲ್ಲಿ ಗ್ರಹಣ ಆಚರಿಸುವುದಿದ್ದರೆ ಅವತ್ತಿನ ಸಂಜೆಗೆ ಊಟ, ಕೇಕ್ ಇಟ್ಟುಕೊಳ್ಳಬೇಡಿ. ನೋಡುವ ಆಸೆ ಇದ್ದರೆ ಪಶ್ಚಿಮಕ್ಕೆ ಬಯಲಾಗಿರುವ ದಂಡೆ ಹುಡುಕಿ. ಜಯನಗರದ ಓದುಗರೂ ಗಮನಿಸಿ, ಲ್ಯಾಂಡಿಡ್ನೋದಲ್ಲಿ ಅದಕ್ಕೆ ವೆಸ್ಟ್ ಶೋರ್ ಸರಿಯಾದ ಜಾಗ. ಗ್ರಹಣದ ಕನ್ನಡಕ ಇಲ್ಲದೆ ಯಾರೂ ನೋಡಬಾರದು, ಮಕ್ಕಳಂತೂ ಬೇಡವೇ ಬೇಡ.

ಪ್ರಶ್ನೆ: ಹೆಂಡತಿಯ ಹುಟ್ಟುಹಬ್ಬ ಡಿಸೆಂಬರ್‌ನಲ್ಲಿ. ಆಗ ಹೋಗಬಹುದಾ?
(ಓದುಗರು, ಜೆ.ಪಿ. ನಗರ)

ಉತ್ತರ: ಹೋಗಬಹುದು, ರೂಮು ಅಗ್ಗ, ಜನ ಕಡಿಮೆ. ಆದರೆ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಗ್ರೇಟ್ ಓರ್ಮ್ ಟ್ರಾಮ್ ಅಕ್ಟೋಬರ್ ಕೊನೆಗೆ ನಿಂತರೆ ಮತ್ತೆ ಓಡುವುದು ಮಾರ್ಚ್ ಕೊನೆಯ ಹೊತ್ತಿಗೆ. ದಪ್ಪ ಕೋಟು, ನೀರು ಒಳಗೆ ಹೋಗದ ಶೂ ಇಬ್ಬರಿಗೂ ಇರಲಿ. ಮಳೆಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿ ಇರುವ ಜರ್ಕಿನ್ ಒಯ್ಯಿರಿ.